ಅಮೆರಿಕದಲ್ಲಿ ಭ್ರಷ್ಟಾಚಾರಕ್ಕೆ ಕಾರಣ ದುಡ್ಡಿರೋರಾ, ಸರ್ಕಾರಾನಾ?

ನೀವು ಕೇಳಿರೋದು ಇಷ್ಟು: ಅಮೆರಿಕದಲ್ಲಿ ಲಂಚಾನೇ ಇಲ್ಲ ಅಂತ ಅಲ್ಲಿಂದ ಬಂದೋರೆಲ್ಲ ಹೇಳ್ತಾರೆ, ಆದ್ರೆ ನ್ಯೂಸ್ ನೋಡಿದ್ರೆ ಅಲ್ಲಿ ಶತಕೋಟ್ಯಧಿಪತಿಗಳೇ ಸರ್ಕಾರ ನಡೆಸ್ತಿರೋ ಹಾಗೆ ಕಾಣುತ್ತೆ, ಹಂಗಾದ್ರೆ ತಪ್ಪು ಬಿಸಿನೆಸ್‌ನವರದ್ದಾ ಸರ್ಕಾರದ್ದಾ, ಇದು ಸರಿ ಹೋಗೋದೇ ಇಲ್ವಾ? ನಾನು ನ್ಯೂಜೆರ್ಸಿಲಿ ಇರೋನು, ಇಲ್ಲೇ ಟ್ಯಾಕ್ಸ್ ಕಟ್ತೀನಿ, ಓಟೂ ಹಾಕ್ತೀನಿ, ಆಫೀಸಲ್ಲಿ ಊಟದ ಟೈಮಲ್ಲಿ ಇದೇ ವಾದ ಎಷ್ಟೋ ಸಲ ನಡೆದಿದೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಲಂಚ ಇಲ್ಲ ಅನ್ನೋದು ಕೌಂಟರ್ ಮಟ್ಟಿಗೆ ನಿಜ. ಡ್ರೈವಿಂಗ್ ಲೈಸೆನ್ಸು, ಮನೆ ಕಾಗದ ಪತ್ರ, ನೀರಿನ ಕನೆಕ್ಷನ್ನು ಯಾವುದಕ್ಕೂ ಯಾರೂ ಕೈ ಚಾಚಲ್ಲ. ನಮ್ಮನೆ ಬೇಸ್‌ಮೆಂಟ್ ಕೆಲಸ ಮಾಡ್ಸಿದಾಗ ಟೌನ್‌ಶಿಪ್ ಇನ್‌ಸ್ಪೆಕ್ಟರ್ ಬಂದು ವೈರಿಂಗ್ ಸರಿ ಇಲ್ಲ ಅಂತ ಫೇಲ್ ಮಾಡಿ ಹೋದ್ರು, ಕಾಫಿ ತಗೊಳ್ಳಿ ಅಂದ್ರೂ ಬೇಡ ಅಂದ್ರು, ಸರಿ ಮಾಡ್ಸಿದ್ಮೇಲೆ ಬಂದು ಸೈನ್ ಹಾಕಿದ್ರು, ಮುಗೀತು. ಊರಲ್ಲಿ ಒಂದು ಖಾತೆ ಮಾಡಿಸೋಕೆ ಅಲೆದೋರಿಗೆ ಇದರ ಬೆಲೆ ಗೊತ್ತಿರುತ್ತೆ. ಆದ್ರೆ ಇದನ್ನ ನೋಡಿ ಇಲ್ಲಿ ಭ್ರಷ್ಟಾಚಾರಾನೇ ಇಲ್ಲ ಅಂದ್ಕೊಂಡ್ರೆ ಮೋಸ ಹೋದಂಗೆ, ಯಾಕಂದ್ರೆ ಮೇಲ್ಗಡೆ ಕಥೆ ಬೇರೆ.

ನಮ್ಮ ಸ್ಟೇಟಿಂದಾನೇ ಶುರು ಮಾಡೋಣ. ಬಾಬ್ ಮೆನೆಂಡೆಜ್ ಅಂತ, 2006 ರಿಂದ 2024 ರವರೆಗೆ ನ್ಯೂಜೆರ್ಸಿ ಸೆನೆಟರ್, ಡೆಮಾಕ್ರಾಟ್, ಸೆನೆಟ್‌ನ ವಿದೇಶಾಂಗ ಕಮಿಟಿಗೆ ಚೇರ್ಮನ್ ಆಗಿದ್ದೋರು. 2022 ರ ಜೂನಲ್ಲಿ ಎಫ್‌ಬಿಐನೋರು ಅವರ ಮನೆ ಹುಡುಕಿದಾಗ 4 ಲಕ್ಷದ 80 ಸಾವಿರ ಡಾಲರ್‌ಗಿಂತ ಜಾಸ್ತಿ ಕ್ಯಾಶ್ ಸಿಕ್ತು, ಕವರ್‌ಗಳಲ್ಲಿ ತುಂಬಿ ಜಾಕೆಟ್ ಜೇಬು, ಬೀರು, ಲಾಕರ್ ಅಂತ ಎಲ್ಲಾ ಕಡೆ ಇಟ್ಟಿದ್ರು, ಜೊತೆಗೆ ಚಿನ್ನದ ಗಟ್ಟಿ. ಒಂದು ಕೆಜಿ ಚಿನ್ನಕ್ಕೆ ಎಷ್ಟು ರೇಟು ಅಂತ ಅವರು ಗೂಗಲ್ ಮಾಡಿದ್ದೂ ಚಾರ್ಜ್‌ಶೀಟಲ್ಲಿ ಬಂತು. 2024 ರ ಜುಲೈಲಿ 16 ಕ್ಕೆ 16 ಆರೋಪಾನೂ ಸಾಬೀತಾಗಿ, 2025 ರ ಜನವರಿಲಿ 11 ವರ್ಷ ಜೈಲು ಶಿಕ್ಷೆ ಆಯ್ತು. ಇದು ಎಲ್ಲರಿಗೂ ಅರ್ಥ ಆಗೋ ಭ್ರಷ್ಟಾಚಾರ, ಮನೇಲಿ ಕಂತೆ ಸಿಗುತ್ತೆ, ಜೈಲಿಗೆ ಹೋಗ್ತಾರೆ. ಆದ್ರೆ ಗಮನಿಸಿ, 2017 ರಲ್ಲೇ ಇದೇ ಮನುಷ್ಯನ ಮೇಲೆ ಇನ್ನೊಂದು ಕೇಸ್ ನಡೆದಿತ್ತು, ಫ್ಲೋರಿಡಾದ ಕಣ್ಣಿನ ಡಾಕ್ಟರೊಬ್ರ ಪ್ರೈವೇಟ್ ಜೆಟ್‌ನಲ್ಲಿ ಓಡಾಡಿದ್ದು, ಪ್ಯಾರಿಸ್ ಹೋಟೆಲ್ ಖರ್ಚು, ಇತ್ಯಾದಿ. ಸ್ನೇಹಕ್ಕೆ ಕೊಟ್ಟಿದ್ದು ಅಂತ ವಾದ ಮಾಡಿದ್ರು, ಜ್ಯೂರಿ ಒಮ್ಮತಕ್ಕೆ ಬರ್ಲಿಲ್ಲ, ಮುಂದಿನ ವರ್ಷ ಎಲೆಕ್ಷನ್ ಗೆದ್ದು ವಾಪಸ್ ಬಂದ್ರು.

ಸ್ನೇಹ ಅಂದ್ರೆ ಬಚಾವ್ ಆಗೋದು ಹೇಗೆ ಅಂದ್ರೆ ಅದಕ್ಕೆ ಸುಪ್ರೀಂ ಕೋರ್ಟೇ ದಾರಿ ಮಾಡಿಕೊಟ್ಟಿದೆ. ವರ್ಜೀನಿಯಾ ಗವರ್ನರ್ ಬಾಬ್ ಮ್ಯಾಕ್‌ಡಾನಲ್, ಇವರು ರಿಪಬ್ಲಿಕನ್, ಸಪ್ಲಿಮೆಂಟ್ ಮಾತ್ರೆ ಮಾರೋ ಒಬ್ಬ ಬಿಸಿನೆಸ್‌ಮನ್ ಹತ್ರ ಸುಮಾರು 1 ಲಕ್ಷದ 75 ಸಾವಿರ ಡಾಲರ್ ಮೊತ್ತದ ಗಿಫ್ಟು ಸಾಲ ಎಲ್ಲ ತಗೊಂಡಿದ್ರು, ರೋಲೆಕ್ಸ್ ವಾಚು, ಮಗಳ ಮದುವೆ ಊಟದ ಖರ್ಚು 15 ಸಾವಿರ ಡಾಲರ್ ಸೇರಿ. ಬದಲಿಗೆ ಅಧಿಕಾರಿಗಳ ಜೊತೆ ಮೀಟಿಂಗ್ ಮಾಡ್ಸಿದ್ರು, ಗವರ್ನರ್ ಬಂಗಲೇಲೇ ಅವನ ಪ್ರಾಡಕ್ಟಿಗೆ ಒಂದು ಕಾರ್ಯಕ್ರಮ ಇಟ್ರು. ಜ್ಯೂರಿ ತಪ್ಪಿತಸ್ಥ ಅಂತು, ಆದ್ರೆ 2016 ರಲ್ಲಿ ಸುಪ್ರೀಂ ಕೋರ್ಟಿನ ಎಂಟೂ ಜಡ್ಜ್‌ಗಳು ಸೇರಿ ತೀರ್ಪು ರದ್ದು ಮಾಡಿದ್ರು, ಬರೀ ಮೀಟಿಂಗ್ ಮಾಡ್ಸೋದು ಫೋನ್ ಮಾಡೋದು ಸರ್ಕಾರಿ ಅಧಿಕಾರದ ಕೆಲಸ ಅಂತ ಆಗಲ್ಲ ಅಂತ. 2024 ರಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಇಂಡಿಯಾನಾದ ಪೋರ್ಟೇಜ್ ಅನ್ನೋ ಸಣ್ಣ ಊರಿನ ಮೇಯರ್ ಜೇಮ್ಸ್ ಸ್ನೈಡರ್, ಊರಿಗೆ ಕಸದ ಲಾರಿ ಬೇಕು ಅಂತ ಒಂದು ಡೀಲರ್ ಹತ್ರ ಸುಮಾರು 11 ಲಕ್ಷ ಡಾಲರ್ ಕಾಂಟ್ರಾಕ್ಟ್ ಕೊಟ್ರು, ಮುಂದಿನ ವರ್ಷ ಆ ಡೀಲರ್‌ನವರು ಮೇಯರ್‌ಗೆ 13 ಸಾವಿರ ಡಾಲರ್ ಚೆಕ್ ಬರೆದ್ರು. ಕನ್ಸಲ್ಟಿಂಗ್ ಫೀಸು ಅಂದ್ರು ಮೇಯರ್. ಕೆಲಸ ಆದ್ಮೇಲೆ ಖುಷಿಗೆ ಕೊಟ್ಟ ದುಡ್ಡಿಗೆ ಈ ಫೆಡರಲ್ ಲಂಚದ ಕಾನೂನು ತಾಗಲ್ಲ, ಬೇಕಿದ್ರೆ ಆಯಾ ರಾಜ್ಯ, ಆಯಾ ಊರು ರೂಲ್ಸ್ ಮಾಡಿಕೊಳ್ಲಿ ಅಂತ 6 ಜನ ಜಡ್ಜ್‌ಗಳು ಹೇಳಿದ್ರು, 3 ಜನ ಒಪ್ಪಲಿಲ್ಲ. ನಾನು ಆ 3 ಜನರ ಕಡೆ. ಕೆಲಸಕ್ಕೆ ಮುಂಚೆ ಕೊಟ್ರೆ ಅಪರಾಧ, ಆಮೇಲೆ ಕೊಟ್ರೆ ಅಲ್ಲ ಅಂದ್ರೆ ಯಾವ ದಡ್ಡ ಮುಂಚೆ ಕೊಡ್ತಾನೆ ಹೇಳಿ.

ಇನ್ನು ಎಲೆಕ್ಷನ್ ದುಡ್ಡು. ಒಬ್ಬ ಮನುಷ್ಯ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡೋಕೆ ಲಿಮಿಟ್ ಇದೆ, 2024 ರಲ್ಲಿ ಒಂದು ಎಲೆಕ್ಷನ್‌ಗೆ 3,300 ಡಾಲರ್. ಆದ್ರೆ 2010 ರಲ್ಲಿ ಸಿಟಿಜನ್ಸ್ ಯುನೈಟೆಡ್ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಅದರ ಬೆನ್ನಿಗೇ ಕೆಳ ಕೋರ್ಟಿನ ಇನ್ನೊಂದು ತೀರ್ಪು ಬಂದು, ಅಭ್ಯರ್ಥಿಗೆ ಕೊಡದೆ ಬೇರೆಯಾಗಿ ಅವನ ಪರ ಖರ್ಚು ಮಾಡೋದಾದ್ರೆ ಲಿಮಿಟ್ಟೇ ಇಲ್ಲ ಅಂತಾಯ್ತು, ಅದೇ ಸೂಪರ್ ಪ್ಯಾಕ್. 2024 ರಲ್ಲಿ ಎಲಾನ್ ಮಸ್ಕ್ ಒಬ್ಬರೇ ಟ್ರಂಪ್ ಗೆಲ್ಲಿಸೋಕೆ 25 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದ್ರು. ಜನ ಇಲ್ಲಿಗೇ ನಿಂತ್ಬಿಡ್ತಾರೆ, ನೋಡಿ ಪ್ರೆಸಿಡೆಂಟನ್ನೇ ಕೊಂಡ್ಕೊಂಡ್ರು ಅಂತಾರೆ. ಅಷ್ಟು ಸುಲಭ ಇಲ್ಲ. 2020 ರಲ್ಲಿ ಡೆಮಾಕ್ರಾಟ್ ಪಾರ್ಟಿಯ ಪ್ರೆಸಿಡೆಂಟ್ ಅಭ್ಯರ್ಥಿ ಆಗೋಕೆ ಹೊರಟ ಶತಕೋಟ್ಯಧಿಪತಿ ಮೈಕೆಲ್ ಬ್ಲೂಮ್‌ಬರ್ಗ್ ಸ್ವಂತ ದುಡ್ಡು ಸುಮಾರು 100 ಕೋಟಿ ಡಾಲರ್ ಖರ್ಚು ಮಾಡಿ ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನೋ ದ್ವೀಪ ಒಂದನ್ನೇ. 2025 ರ ಏಪ್ರಿಲಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್ ಎಲೆಕ್ಷನ್‌ಗೆ ಅದೇ ಮಸ್ಕ್ ಕಡೆಯಿಂದ 2 ಕೋಟಿ ಡಾಲರ್ ಬಂದ್ರೂ ಅವರ ಕ್ಯಾಂಡಿಡೇಟ್ ಸೋತ್ರು. ಎಲ್ಲರೂ ಕಣ್ಣಿಟ್ಟು ನೋಡೋ ಕಡೆ ದುಡ್ಡು ಎಷ್ಟೋ ಸಲ ಸೋಲುತ್ತೆ. ಯಾರೂ ನೋಡದೇ ಇರೋ ಕಡೆ, ಬಿಲ್‌ನ ಯಾವುದೋ ಪುಟದ ಒಂದು ಸಾಲಲ್ಲಿ, ಕಮಿಟಿ ರೂಮಲ್ಲಿ, ಅದು ಗೆಲ್ಲುತ್ತೆ. ನನಗೆ ಹೊಟ್ಟೆ ಉರಿಯೋದು ಅಲ್ಲಿ.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಮೆಡಿಕೇರ್ ಔಷಧಿ. ಮೆಡಿಕೇರ್ ಅಂದ್ರೆ 65 ದಾಟಿದೋರಿಗೆ ಸರ್ಕಾರದ ಇನ್ಶೂರೆನ್ಸ್. 2003 ರಲ್ಲಿ ಬುಷ್ ಟೈಮಲ್ಲಿ ಅದಕ್ಕೆ ಮಾತ್ರೆ ಔಷಧಿ ಖರ್ಚೂ ಸೇರಿಸೋ ಬಿಲ್ ಬಂತು, ಒಳ್ಳೇ ಕೆಲಸಾನೇ. ಆದ್ರೆ ಒಳಗೆ ಒಂದು ಕಲಂ ಇತ್ತು, ಔಷಧಿ ಕಂಪನಿಗಳ ಜೊತೆ ಸರ್ಕಾರ ರೇಟ್ ಚೌಕಾಸಿ ಮಾಡಂಗಿಲ್ಲ ಅಂತ. ಕೋಟ್ಯಂತರ ಜನಕ್ಕೆ ಔಷಧಿ ಕೊಡಿಸೋರು ರೇಟ್ ಕೇಳೋ ಹಾಗೇ ಇಲ್ಲ! ಅದೇ ಸರ್ಕಾರದ ಮಾಜಿ ಸೈನಿಕರ ಆಸ್ಪತ್ರೆಗಳು ಚೌಕಾಸಿ ಮಾಡೇ ತಗೊಳ್ತಾವೆ, ಆದ್ರೂ ಇಲ್ಲಿ ಬೇಡ. ಆ ಬಿಲ್ಲಿಗೆ ಕಾಂಗ್ರೆಸ್‌ನ, ಅಂದ್ರೆ ಇಲ್ಲಿನ ಪಾರ್ಲಿಮೆಂಟ್‌ನ, ಕೆಳಮನೇಲಿ ಓಟ್ ಹಾಕ್ಸಿದ್ದು ನವೆಂಬರ್ 22 ರ ಬೆಳಗಿನ ಜಾವ 3 ಗಂಟೆಗೆ. ಸಾಮಾನ್ಯವಾಗಿ 15 ನಿಮಿಷದಲ್ಲಿ ಮುಗಿಯೋ ಓಟು, ಬಿಲ್ ಬೀಳೋ ಹಾಗಿದೆ ಅಂತ ಗೊತ್ತಾಗಿ ಸುಮಾರು 3 ಗಂಟೆ ಹೊತ್ತು ಎಳೆದ್ರು, ಅಷ್ಟು ಹೊತ್ತೂ ಒಬ್ಬೊಬ್ಬ ಸದಸ್ಯನ್ನ ಹಿಡಿದು ಒತ್ತಡ ಹಾಕಿದ್ರು. ಮಿಶಿಗನ್‌ನ ನಿಕ್ ಸ್ಮಿತ್ ಅನ್ನೋ ಸದಸ್ಯರಿಗೆ, ನೀವು ಹೂಂ ಅಂದ್ರೆ ಎಲೆಕ್ಷನ್‌ಗೆ ನಿಂತಿರೋ ನಿಮ್ಮ ಮಗನಿಗೆ ನಾನು ಬೆಂಬಲ ಕೊಡ್ತೀನಿ ಅಂತ ಮೆಜಾರಿಟಿ ಲೀಡರ್ ಟಾಮ್ ಡಿಲೇ ಹೇಳಿದ್ರು. ಸ್ಮಿತ್ ಬಗ್ಗಲಿಲ್ಲ. ಮುಂದಿನ ವರ್ಷ ಎಥಿಕ್ಸ್ ಕಮಿಟಿ ಡಿಲೇಗೆ ಛೀಮಾರಿ ಹಾಕ್ತು, ಅಷ್ಟೇ. ಕೊನೆಗೆ 220 ಕ್ಕೆ 215 ರಲ್ಲಿ ಬಿಲ್ ಪಾಸಾಯ್ತು.

ಆಮೇಲೆ ಏನಾಯ್ತು ನೋಡಿ. ಆ ಬಿಲ್ ತಯಾರಿಯಲ್ಲಿ ಮುಂದೆ ನಿಂತಿದ್ದ ಕಮಿಟಿ ಚೇರ್ಮನ್ ಬಿಲ್ಲಿ ಟೌಜಿನ್ 2005 ರ ಜನವರಿಲಿ ಕಾಂಗ್ರೆಸ್ ಬಿಟ್ಟು ಸೀದಾ ಔಷಧಿ ಕಂಪನಿಗಳ ಸಂಘಕ್ಕೆ ಅಧ್ಯಕ್ಷ ಆದ್ರು, ವರ್ಷಕ್ಕೆ 20 ಲಕ್ಷ ಡಾಲರ್ ಸಂಬಳ ಅಂತ ಆಗ ಪೇಪರ್‌ಗಳಲ್ಲಿ ಬಂತು. ಮೆಡಿಕೇರ್ ನಡೆಸ್ತಿದ್ದ ಅಧಿಕಾರಿ ಟಾಮ್ ಸ್ಕಲ್ಲಿ, ಬಿಲ್ ಚರ್ಚೆ ನಡೀತಿರೋವಾಗಲೇ ಪ್ರೈವೇಟ್ ಕಂಪನಿಗಳಲ್ಲಿ ಕೆಲಸ ಹುಡುಕೋಕೆ ಪರ್ಮಿಷನ್ ತಗೊಂಡಿದ್ರು. ಯೋಜನೆ ಖರ್ಚು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ ಅಂತ ಲೆಕ್ಕ ಹಾಕಿದ್ದ ತಮ್ಮ ಇಲಾಖೆಯ ರಿಚರ್ಡ್ ಫೋಸ್ಟರ್‌ಗೆ, ಆ ಲೆಕ್ಕ ಕಾಂಗ್ರೆಸ್‌ಗೆ ಕೊಟ್ರೆ ಕೆಲಸದಿಂದ ತೆಗೀತೀನಿ ಅಂದ್ರು. ಇಷ್ಟರಲ್ಲಿ ಯಾರ ಮನೇಲೂ ಕ್ಯಾಶ್ ಸಿಗ್ಲಿಲ್ಲ, ಚಿನ್ನ ಸಿಗ್ಲಿಲ್ಲ, ಯಾರೂ ಜೈಲಿಗೆ ಹೋಗ್ಲಿಲ್ಲ. ನಮ್ಮ ಪಕ್ಕದ ಮನೇಲಿ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ ತಾತ ಒಬ್ರು ಇದ್ರು, ಶುಗರ್‌ಗೆ ಜನುವಿಯಾ ಮಾತ್ರೆ, ವರ್ಷದ ಕೊನೇಲಿ ಇನ್ಶೂರೆನ್ಸ್ ಕೈ ಕೊಡೋ ಒಂದು ಗ್ಯಾಪ್ ಬರ್ತಿತ್ತು, ಆವಾಗ ದಿನ ಬಿಟ್ಟು ದಿನ ತಗೊಳ್ತಿದ್ರು. ನಾನು ಭ್ರಷ್ಟಾಚಾರ ಅನ್ನೋದು ಇದನ್ನ. ಆ ಕಲಂ ಸ್ವಲ್ಪ ಸಡಿಲ ಆಗೋಕೆ 19 ವರ್ಷ ಬೇಕಾಯ್ತು, 2022 ರ ಕಾನೂನಲ್ಲಿ. ಮೊದಲು 10 ಔಷಧಿಗೆ ಚೌಕಾಸಿ ಮಾಡಿದ್ರು, ತಿಂಗಳಿಗೆ 527 ಡಾಲರ್ ಲಿಸ್ಟ್ ರೇಟ್ ಇದ್ದ ಜನುವಿಯಾ 113 ಕ್ಕೆ ಬಂತು, 2026 ರ ಜನವರಿ 1 ರಿಂದ ಜಾರಿ. ಕೇಳಿದ್ರೆ ಕೊಡ್ತಿದ್ರು, ಕೇಳಬೇಡ ಅಂತ ಕಾನೂನೇ ಇತ್ತು.

ಈಗ ನಿಮ್ಮ ಪ್ರಶ್ನೆಗೆ. ಆಫೀಸಲ್ಲಿ ಒಬ್ಬ ಫ್ರೆಂಡ್ ಹೇಳ್ತಾನೆ, ದುಡ್ಡು ಮಾಡೋದು ತಪ್ಪಲ್ಲ, ಸರ್ಕಾರದ ಕೈಲಿ ಅಧಿಕಾರ ಜಾಸ್ತಿ ಇರೋದ್ರಿಂದಾನೇ ಎಲ್ಲರೂ ಅಲ್ಲಿ ಹೋಗಿ ಸಾಲು ನಿಲ್ತಾರೆ, ಸರ್ಕಾರ ಚಿಕ್ಕದು ಮಾಡಿ ಅಂತ. ಇನ್ನೊಬ್ಬಳು ಹೇಳ್ತಾಳೆ, ಅಷ್ಟು ದುಡ್ಡು ಒಬ್ಬನ ಹತ್ರ ಇದ್ರೆ ಯಾವ ಸರ್ಕಾರಾನೂ ಬಾಗುತ್ತೆ, ಮೊದಲು ಅವರಿಗೆ ಟ್ಯಾಕ್ಸ್ ಹಾಕಿ ಅಂತ. ನನ್ನ ಪ್ರಕಾರ ಇಬ್ಬರೂ ಅರ್ಧ ಸರಿ. ಸಕ್ಕರೆ ವಿಷಯದಲ್ಲಿ ಮೊದಲನೆಯವನೇ ಸರಿ. ಹೊರಗಿನ ಸಕ್ಕರೆ ಬರದಂಗೆ ಸರ್ಕಾರ ಕೋಟಾ ಇಟ್ಟಿದೆ, ಅದ್ರಿಂದ ಎಷ್ಟೋ ವರ್ಷ ಇಲ್ಲಿನ ರೇಟು ಹೊರಗಿನದ್ದಕ್ಕಿಂತ ಹೆಚ್ಚುಕಮ್ಮಿ ಡಬಲ್, ಮಿಶಿಗನ್‌ನಲ್ಲಿದ್ದ ಲೈಫ್ ಸೇವರ್ಸ್ ಪೆಪ್ಪರ್‌ಮಿಂಟ್ ಫ್ಯಾಕ್ಟರಿ ಕೆನಡಾಕ್ಕೆ ಹೋಗೋಕೆ ಇದೂ ಒಂದು ಕಾರಣ. ಫ್ಲೋರಿಡಾದ ಕಬ್ಬಿನ ಸಾಹುಕಾರರು ಫಾನ್‌ಹುಲ್ ಅಣ್ಣತಮ್ಮಂದಿರು, ಒಬ್ರು ಡೆಮಾಕ್ರಾಟ್ ಪಾರ್ಟಿಗೆ ದುಡ್ಡು ಎತ್ತಿಕೊಡ್ತಾರೆ, ಇನ್ನೊಬ್ರು ರಿಪಬ್ಲಿಕನ್ ಪಾರ್ಟಿಗೆ, ಯಾರು ಗೆದ್ರೂ ಕೋಟಾ ಅಲ್ಲಾಡಲ್ಲ. ಆದ್ರೆ ಫಂಡ್ ಮ್ಯಾನೇಜರ್‌ಗಳ ಟ್ಯಾಕ್ಸ್ ವಿಷಯಕ್ಕೆ ಬಂದ್ರೆ ಎರಡನೆಯವಳು ಸರಿ. ಪ್ರೈವೇಟ್ ಈಕ್ವಿಟಿಯವರು, ಅಂದ್ರೆ ಬೇರೆಯವರ ದುಡ್ಡು ಸೇರಿಸಿ ಕಂಪನಿಗಳನ್ನ ಕೊಂಡು ಮಾರೋರು, ತಮ್ಮ ದುಡಿಮೆಯ ಪಾಲಿಗೆ 37 ಪರ್ಸೆಂಟ್ ಬದಲು 20 ಪರ್ಸೆಂಟ್ ರೇಟಲ್ಲಿ ಟ್ಯಾಕ್ಸ್ ಕಟ್ಟೋಕೆ ಒಂದು ಸಂದಿ ಇದೆ, ಒಬಾಮಾನೂ ಮುಚ್ತೀನಿ ಅಂದ್ರು, ಟ್ರಂಪೂ ಅಂದ್ರು, ಬೈಡನ್ನೂ ಅಂದ್ರು. ಔಷಧಿ ಚೌಕಾಸಿ ತಂದ ಅದೇ 2022 ರ ಬಿಲ್‌ನಲ್ಲಿ ಅದನ್ನ ಬಿಗಿ ಮಾಡೋ ಕಲಮ್ಮೂ ಇತ್ತು, 50-50 ಇದ್ದ ಸೆನೆಟಲ್ಲಿ ಅರಿಜೋನಾದ ಡೆಮಾಕ್ರಾಟ್ ಸೆನೆಟರ್ ಕಿರ್ಸ್ಟನ್ ಸಿನೆಮಾ ಒಬ್ಬರೇ ಬೇಡ ಅಂದ್ರು, ಕಲಂ ಹೋಯ್ತು.

ಕೊಡೋನು ಒಬ್ಬ, ತಗೊಳ್ಳೋನು ಇನ್ನೊಬ್ಬ, ಇಬ್ಬರಲ್ಲಿ ಒಬ್ಬನ್ನ ಮಾತ್ರ ಹಿಡಿಯೋ ಅಭ್ಯಾಸ ಇಲ್ಲಿ ಹಳೇದು. 1920 ರ ದಶಕದಲ್ಲಿ ಸರ್ಕಾರದ ತೈಲ ಭೂಮಿ ಗುತ್ತಿಗೆ ಕೊಟ್ಟ ಟೀಪಾಟ್ ಡೋಮ್ ಹಗರಣದಲ್ಲಿ ತೈಲ ಕಂಪನಿಯ ಡೊಹೀನಿ, ಮಂತ್ರಿ ಆಲ್ಬರ್ಟ್ ಫಾಲ್‌ಗೆ ಬ್ಯಾಗಲ್ಲಿ 1 ಲಕ್ಷ ಡಾಲರ್ ಕಳಿಸಿದ್ರು. ತಗೊಂಡಿದ್ದಕ್ಕೆ ಫಾಲ್ ಜೈಲಿಗೆ ಹೋದ್ರು, ಅದೇ ದುಡ್ಡು ಕೊಟ್ಟ ಕೇಸಲ್ಲಿ ಡೊಹೀನಿ ಖುಲಾಸೆ.

ನಮ್ಮ ಕನ್ನಡದ ಹುಡುಗ್ರು ತುಂಬಾ ಜನ ಇಲ್ಲಿ ಎಚ್-1ಬಿ ಮೇಲೆ ಇದಾರೆ, ಅವರಿಗೆ ಒಂದು ವಿಷಯ ಹೇಳಿಬಿಡ್ತೀನಿ. ವೀಸಾ ಮೇಲೆ ಇರೋರು ಯಾವ ಎಲೆಕ್ಷನ್‌ಗೂ ಒಂದು ಡಾಲರ್ ಕೂಡ ಕೊಡಂಗಿಲ್ಲ, ಯಾರಾದ್ರೂ ಫಂಡ್‌ರೈಸರ್‌ಗೆ ಕರೆದ್ರೆ ಜೇಬಿಗೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇದ್ರೆ ಕೊಡಬಹುದು, ಓಟ್ ಹಾಕಂಗಿಲ್ಲ. ನೀವು ಟ್ಯಾಕ್ಸ್ ಮಾತ್ರ ಪೂರ್ತಿ ಕಟ್ಟಬೇಕು. ನಿಮ್ಮನ್ನ ಕರೆಸಿಕೊಂಡಿರೋ ಕಂಪನಿ ಮಾತ್ರ ನಿಮ್ಮ ವೀಸಾ ರೂಲ್ಸ್ ಬಗ್ಗೆ ವಾಷಿಂಗ್ಟನ್‌ನಲ್ಲಿ ಲಾಬಿಯಿಸ್ಟ್ ಇಟ್ಕೊಂಡು ಮಾತಾಡಬಹುದು. ಫೆಡರಲ್ ಲಾಬಿಗೆ ಅಂತ ವರ್ಷಕ್ಕೆ 400 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಗುತ್ತೆ ಇಲ್ಲಿ, ಎಲ್ಲಾ ಕಾನೂನುಬದ್ಧ.

ಸರಿ ಹೋಗೋದೇ ಇಲ್ವಾ ಅಂತ ಕೊನೇಲಿ ಕೇಳಿದ್ರಿ. ಹೋಗುತ್ತೆ, ಯಾರಾದ್ರೂ ಆ ಬೋರಿಂಗ್ ಜಾಗಕ್ಕೆ ಕೈ ಹಾಕಿದ್ರೆ. ನ್ಯೂಜೆರ್ಸಿಲಿ ಕೌಂಟಿ ಲೈನ್ ಅಂತ ಒಂದಿತ್ತು, ಪಾರ್ಟಿ ಮುಖಂಡರು ಆರಿಸಿದೋರ ಹೆಸರೆಲ್ಲ ಪ್ರೈಮರಿ (ಪಾರ್ಟಿ ಅಭ್ಯರ್ಥಿ ಯಾರು ಅಂತ ಆರಿಸೋ ಎಲೆಕ್ಷನ್) ಬ್ಯಾಲೆಟ್ಟಲ್ಲಿ ಒಂದೇ ಸಾಲಲ್ಲಿ ಎದ್ದು ಕಾಣೋ ಹಾಗೆ, ಮಿಕ್ಕವರ ಹೆಸರು ಎಲ್ಲೋ ಮೂಲೇಲಿ. ಮುಖಂಡರನ್ನ ಒಲಿಸಿಕೊಂಡ್ರೆ ಜನರನ್ನ ಒಲಿಸಿಕೊಳ್ಳೋದೇ ಬೇಡ. ಮೆನೆಂಡೆಜ್ ಮೇಲೆ ಕೇಸ್ ಬಿದ್ದ ಮಾರನೇ ದಿನಾನೇ ಆ ಸೀಟಿಗೆ ನಿಲ್ತೀನಿ ಅಂದ ಆಂಡಿ ಕಿಮ್, ಈ ಬ್ಯಾಲೆಟ್ ವಿರುದ್ಧ ಕೋರ್ಟಿಗೆ ಹೋದ್ರು, 2024 ರ ಮಾರ್ಚಲ್ಲಿ ಜಡ್ಜ್ ತಡೆ ಕೊಟ್ರು, ಕಿಮ್ ಈಗ ನಮ್ಮ ಸೆನೆಟರ್. 2025 ರ ಜೂನಲ್ಲಿ ಗವರ್ನರ್ ಪ್ರೈಮರಿಗೆ ಹೋದಾಗ ಒಂದು ಹುದ್ದೆಗೆ ನಿಂತೋರ ಹೆಸರೆಲ್ಲ ಒಂದೇ ಬಾಕ್ಸಲ್ಲಿತ್ತು, ಡೆಮಾಕ್ರಾಟ್ ಕಡೆ ಆರು ಜನ. ಅದರಲ್ಲಿ ಟೀಚರ್ಸ್ ಯೂನಿಯನ್ ಅಧ್ಯಕ್ಷ ಶಾನ್ ಸ್ಪಿಲರ್ ಪರ ಯೂನಿಯನ್ ದುಡ್ಡಿನ ಸೂಪರ್ ಪ್ಯಾಕ್ 3 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡಿತ್ತು, ನಮ್ಮನೆ ಪೋಸ್ಟ್ ಬಾಕ್ಸಲ್ಲಿ ದಿನಾ ಅವರದ್ದೇ ಮುಖ. ಅವರು ಐದನೇ ಸ್ಥಾನಕ್ಕೆ ಬಂದ್ರು.