‘ಗ್ರಾಜುಯೇಷನ್’ ಸಿನಿಮಾದಲ್ಲಿ ಕಲ್ಲು ಹೊಡೆದವರು ಯಾರು ಅಂತಲೇ ಹೇಳುವುದಿಲ್ಲ. ಮತ್ಯಾಕೆ ಇದನ್ನು ಇಷ್ಟೊಂದು ಹೊಗಳುತ್ತಾರೆ?

ನಿಮ್ಮ ಬೇಸರ ಅರ್ಥವಾಗುತ್ತದೆ. ಸಿನಿಮಾ ಶುರುವಾಗುವುದೇ ಮನೆಯ ಕಿಟಕಿಗೆ ಕಲ್ಲು ಬೀಳುವುದರಿಂದ. ಎರಡು ಗಂಟೆ ಕಾದರೂ ಹೊಡೆದವರು ಸಿಗುವುದಿಲ್ಲ. ಮಗಳ ಮೇಲೆ ಹಲ್ಲೆ ಮಾಡಿದವನೂ ಸಿಗುವುದಿಲ್ಲ. ಆದರೂ ನನಗೆ ಇದು ತುಂಬಾ ಇಷ್ಟದ ಸಿನಿಮಾ. (ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಕತೆ ಪೂರ್ತಿ ಹೇಳುತ್ತಿದ್ದೇನೆ.)

ರುಮೇನಿಯಾದ ಕ್ರಿಸ್ಟಿಯನ್ ಮುಂಜಿಯು ಇದಕ್ಕೆ 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದರು. ಫ್ರೆಂಚ್ ನಿರ್ದೇಶಕ ಒಲಿವಿಯೆ ಅಸಾಯಸ್ ಜೊತೆ ಹಂಚಿಕೊಂಡ ಪ್ರಶಸ್ತಿ ಅದು.

ಕತೆಯ ನಾಯಕ ರೋಮಿಯೋ ಒಬ್ಬ ಡಾಕ್ಟರ್. ರುಮೇನಿಯಾದ ಸರ್ವಾಧಿಕಾರಿ ಚೌಶೆಸ್ಕುವಿನ ಆಡಳಿತ 1989ರಲ್ಲಿ ಬಿದ್ದಿತಲ್ಲ, ಅದಾದ ಮೇಲೆ 1991ರಲ್ಲಿ ಇವನೂ ಹೆಂಡತಿ ಮಾಗ್ದಾಳೂ ದೇಶ ಬದಲಾಗುತ್ತದೆ ಅಂತ ನಂಬಿ ವಾಪಸ್ ಬಂದವರು. ಬದಲಾಗಲಿಲ್ಲ. ಮಗಳು ಎಲಿಝಾ ಆದರೂ ಇಲ್ಲಿಂದ ಹೊರಟುಹೋಗಲಿ ಅನ್ನುವುದೊಂದೇ ಈಗ ಅವನಿಗಿರುವ ಆಸೆ. ಅವಳಿಗೆ ಕೇಂಬ್ರಿಡ್ಜ್‌ನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿದೆ, ಶಾಲೆಯ ಕೊನೇ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸಾಕು. ಪರೀಕ್ಷೆಯ ಹಿಂದಿನ ದಿನವೇ ಹಲ್ಲೆ ಆಗುತ್ತದೆ. ಹುಡುಗಿ ಕೈಗೆ ಪಟ್ಟಿ ಹಾಕಿಕೊಂಡು ಪರೀಕ್ಷೆಗೆ ಹೋದರೆ, ಅದರೊಳಗೆ ಕಾಪಿ ಚೀಟಿ ಇರಬಹುದು ಅಂತ ಅಲ್ಲಿ ತಕರಾರು. ನನಗೆ ಆ ಜಾಗದಲ್ಲಿ ಸಂಕಟವಾಗಿಬಿಟ್ಟಿತು.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡಿ. ಪೊಲೀಸ್ ಅಧಿಕಾರಿ ರೋಮಿಯೋನ ಪರಿಚಯದವನು. ಅವನಿಗೆ ಉಪಮೇಯರ್ ಪರಿಚಯ. ಆ ಉಪಮೇಯರ್‌ಗೆ ಲಿವರ್ ಕಸಿ ಆಗಬೇಕು, ಕಾಯುವವರ ಪಟ್ಟಿಯಲ್ಲಿ ಮೇಲೆ ಬರಬೇಕು. ಎಲಿಝಾಳ ಅಂಕ ಹೆಚ್ಚಿಸಿ ಅಂತ ಅವನು ಹೇಳಿದರೆ ಪರೀಕ್ಷಾ ಸಮಿತಿಯ ಅಧ್ಯಕ್ಷ ಇಲ್ಲ ಅನ್ನುವುದಿಲ್ಲ. ಇಷ್ಟರಲ್ಲಿ ಯಾರೂ ಯಾರನ್ನೂ ಹೆದರಿಸುವುದಿಲ್ಲ. ರೋಮಿಯೋ ರೋಗಿಗಳ ಹತ್ತಿರ ದುಡ್ಡು ಮುಟ್ಟದ ಡಾಕ್ಟರ್ ಅಂತಲೇ ಹೆಸರಾದವನು. ಎಲ್ಲರೂ ಎಷ್ಟು ಮರ್ಯಾದೆಯಿಂದ, ಎಷ್ಟು ಕಾಳಜಿಯಿಂದ ಮಾತಾಡುತ್ತಾರೆ ಅಂದರೆ, ತಪ್ಪು ಯಾವ ಮಾತಿನಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನಾನು ಈ ಸಿನಿಮಾವನ್ನು ಮೆಚ್ಚುವುದು ಮುಖ್ಯವಾಗಿ ಇದಕ್ಕೆ. ಪರಿಚಯದವರಿಗೊಂದು ಮಾತು ಹೇಳಿಸುವುದು ಅಂದರೆ ಏನು ಅಂತ ನಮಗೂ ಗೊತ್ತಲ್ವಾ?

ಕೊನೆಗೆ ಮಾಡಬೇಕಾದದ್ದು ಇಷ್ಟೇ: ಉತ್ತರಪತ್ರಿಕೆಯ ಮೊದಲ ಪುಟದ ಕೊನೆಯ ಕೆಲವು ಪದಗಳನ್ನು ಎಲಿಝಾ ಹೊಡೆದುಹಾಕಬೇಕು, ಗುರುತಿಗೆ. ಅದನ್ನು ಅವಳಿಗೆ ಅಪ್ಪನೇ ಬಾಯಿಬಿಟ್ಟು ಹೇಳಬೇಕು. ಸುಳ್ಳು ಹೇಳಬೇಡ ಅಂತ ಬೆಳೆಸಿದವನೇ ‘ಇದೊಂದು ಸಲ’ ಅನ್ನಬೇಕು. ಮಾಗ್ದಾ ಒಪ್ಪುವುದಿಲ್ಲ. ಅವಳು ಸರಿ. ಆದರೆ ಅಪ್ಪನ ಭಯವೂ ಸುಳ್ಳಲ್ಲ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಕ್ಯಾಮೆರಾ ಉದ್ದಕ್ಕೂ ರೋಮಿಯೋನ ಬೆನ್ನು ಬಿಡುವುದಿಲ್ಲ. ಅವನಿಗೆ ಗೊತ್ತಾಗದ್ದು ನಮಗೂ ಗೊತ್ತಾಗುವುದಿಲ್ಲ. ಅವನಿಗೆ ಸಾಂಡ್ರಾ ಎಂಬ ಟೀಚರ್ ಜೊತೆ ಸಂಬಂಧವಿದೆ, ಮನೆಯಲ್ಲಿ ಹೆಂಡತಿಯ ಜೊತೆ ಮಾತೇ ಕಡಿಮೆ. ಅವನ ಮೇಲೆ ಸಿಟ್ಟಿರುವವರು ಒಬ್ಬರೇ ಆಗಿರಬೇಕಿಲ್ಲ. ಮುಂಜಿಯು ಒಬ್ಬನನ್ನು ಹಿಡಿದು ತೋರಿಸಿದ್ದರೆ ತಪ್ಪೆಲ್ಲ ಅವನ ತಲೆಗೆ ಹೋಗುತ್ತಿತ್ತು, ರೋಮಿಯೋ ಪಾರಾಗುತ್ತಿದ್ದ. ಅದಾಗಬಾರದು ಅಂತಲೇ ಬಿಟ್ಟಿದ್ದಾರೆ ಅನ್ನುವುದು ನನ್ನ ಓದು.

ಎಲಿಝಾ ಗುರುತು ಹಾಕಲಿಲ್ಲ ಅನ್ನುತ್ತಾಳೆ. ಆದರೆ ಅತ್ತಿದ್ದಕ್ಕೆ ಜಾಸ್ತಿ ಸಮಯ ಕೊಟ್ಟರು ಅಂತಲೂ ಹೇಳುತ್ತಾಳೆ. ನಿಜಕ್ಕೂ ತಡೆಯದೆ ಅತ್ತಳೋ, ಅತ್ತರೆ ಕೆಲಸ ಆಗುತ್ತದೆ ಅಂತ ಅಪ್ಪನಿಂದ ಕಲಿತಳೋ? ಇನ್ನೊಮ್ಮೆ ನೋಡುವುದಾದರೆ ಕಲ್ಲನ್ನು ಬಿಟ್ಟು ಈ ಪ್ರಶ್ನೆ ಇಟ್ಟುಕೊಂಡು ನೋಡಿ. ಕಲಿತಳು ಅಂತಲೇ ನನಗೆ ಅನ್ನಿಸುತ್ತದೆ. ನಿಮಗೇನು ಅನ್ನಿಸಿತು ಅಂತ ಕೆಳಗೆ ಬರೆಯಿರಿ.