ಹೇಳಿ ಮಾಡಿಸುವ ರೈಫಲ್‌ಗೆ ಯಾವ ಕಾಡತೂಸು ಆರಿಸಬೇಕು?

ಹೊಲ ರಾಣೆಬೆನ್ನೂರ ಕಡೆ, ರೈಫಲ್ ಲೈಸೆನ್ಸ್ ಸಿಕ್ಕಿದೆ, ಅಳತೆ ಕೊಟ್ಟು ಹೊಸದೊಂದು ಮಾಡಿಸಬೇಕು, ಕಾಡತೂಸು 6.5 ಕ್ರೀಡ್‌ಮೋರ್ ತಗೊಳ್ಳಲೋ .30-06 ತಗೊಳ್ಳಲೋ ಎಂದು ಕೇಳಿದ್ದೀರಿ. ನಾನು ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವ, ಈಗ ಧಾರವಾಡದಲ್ಲಿದ್ದೇನೆ. ನನ್ನನ್ನು ಕೇಳಿದರೆ ಎರಡೂ ಬೇಡ, .315 ಸಾಕು.

ಕ್ರೀಡ್‌ಮೋರ್ ಚಲೋ ಇದೆ, ಸುಳ್ಳಲ್ಲ. 2007ರಲ್ಲಿ ಅಮೆರಿಕದಲ್ಲಿ ದೂರದ ಗುರಿಯ ಸ್ಪರ್ಧೆಗೆಂದೇ ಹುಟ್ಟಿದ್ದು. ಗುಂಡು ಉದ್ದ, ಸಪೂರ. ಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ, ಹೆಗಲಿಗೆ ಒದೆಯುವುದೂ ಕಡಿಮೆ. ಆದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಅದರ ಒಂದು ಡಬ್ಬಿಯನ್ನೂ ನಾನು ಕಂಡಿಲ್ಲ. .30-06 ನನ್ನ ಹತ್ತಿರವೇ ಇತ್ತು. 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡು, ಸೆಕೆಂಡಿಗೆ ಸುಮಾರು 2,700 ಅಡಿ ವೇಗ. ಕೈಗೆ ಬಂದ ದಿನ ಊರಿಗೆಲ್ಲ ತೋರಿಸಿದ್ದೆ. ಆಮೇಲೆ ಕಾಡತೂಸು ಕೇಳಲು ಹೋದಾಗಲೆಲ್ಲ "ಮುಂದಿನ ತಿಂಗಳ ಬರ್ರಿ ಸಾಹೇಬ್ರ" ಎಂಬ ಮಾತು. ಹೀಗೇ ಒಂದು ವರ್ಷ ಕಳೆಯಿತು. ಕಡೆಗೆ ಮಾರಿದೆ.

.315ಕ್ಕೆ ಬೇರೆಯದೇ ಕಥೆ ಇದೆ. ಬ್ರಿಟಿಷರು ಸೈನ್ಯದ .303 ಕಾಡತೂಸು ಜನರ ಕೈಗೆ ಸಿಗಬಾರದೆಂದು, ಸೈನ್ಯದ್ದೇ ಆದ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್‌ಗೆ ಈ 8 ಮಿ.ಮೀ. ಕಾಡತೂಸು ಕೂರಿಸಿ ಮಾರಿದರು. ಸ್ವಾತಂತ್ರ್ಯ ಬಂದ ಮೇಲೆ ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯೂ ಅದೇ .315 ರೈಫಲ್ ಮಾಡಿತು. .303 ಈಗಲೂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಕೆಯ ಅಳತೆ. ಹಾಗಾಗಿ ನಮ್ಮ ದೇಶದ ಸಾಮಾನ್ಯರ ರೈಫಲ್ ಎಂದರೆ .315. ಗುಂಡು ಭಾರ, ನಿಧಾನ, 200 ಗಜದಾಚೆ ಧಡಕ್ಕನೆ ಕೆಳಗಿಳಿಯುತ್ತದೆ. ಅಷ್ಟು ದೂರ ಹೊಡೆಯುವ ಕೆಲಸ ನಿಮಗೇನಿದೆ?

ಯಾವ ಕಾಡತೂಸು ಎಂದು ಮೊದಲೇ ತೀರ್ಮಾನಿಸಬೇಕು ಎನ್ನಲು ಕಾರಣವಿದೆ. .315ರ ತಳದಲ್ಲಿ ಹೊರಚಾಚಿದ ಅಂಚಿದೆ, ಉಳಿದೆರಡಕ್ಕೆ ಅಂಥದ್ದಿಲ್ಲ. .30-06ರ ಚಿಪ್ಪು (ಮದ್ದು ತುಂಬುವ ಲೋಹದ ಕೊಳವೆ) 63 ಮಿ.ಮೀ. ಉದ್ದ, ಕ್ರೀಡ್‌ಮೋರ್‌ನದು 49ರ ಹತ್ತಿರ. ಬೋಲ್ಟಿನ (ಕಾಡತೂಸನ್ನು ಒಳತಳ್ಳಿ ಹಿಂದಿನಿಂದ ಮುಚ್ಚುವ ಸರಳು) ಮುಖ, ಕಾಡತೂಸು ತುಂಬುವ ಮ್ಯಾಗಜೀನು, ಬೋಲ್ಟ್ ಓಡಾಡುವ ಆಕ್ಷನ್ನಿನ ಉದ್ದ ಎಲ್ಲವೂ ಕಾಡತೂಸಿನ ಮೇಲೆ ನಿಂತಿವೆ. ಆಮೇಲೆ ಮನಸ್ಸು ಬದಲಾದರೆ ಹೊಸ ನಳಿಕೆಯಷ್ಟೇ ಹಾಕಿಸಿ ಮುಗಿಸಲು ಆಗದು. ಮಾಡುವವರಿಗೂ ಲೈಸೆನ್ಸ್ ಇರಬೇಕು. ಪರಿಚಯದ ಲೇತ್ ಅಂಗಡಿಯವನ ಹತ್ತಿರ ನಳಿಕೆ ಕೊರೆಸಲು ಹೋಗಿ ಕೇಸು ಹಾಕಿಸಿಕೊಳ್ಳಬೇಡಿ.

ಹೊಲದಲ್ಲಿ ಚಿಗರಿ (ಕೃಷ್ಣಮೃಗ) ಕಾಟ ಅಂತಲೂ ಬರೆದಿದ್ದೀರಿ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಚಿಗರಿ ಹೆಸರಿಟ್ಟು ಮೆರೆಸುತ್ತೇವೆ, ಹೊಲಕ್ಕೆ ಬಂದರೆ ಮಾತ್ರ ಬೇಡ! ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಹೊಡೆದರೆ ಜೈಲೇ. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನೊಂದು, ನಿಮ್ಮ ಕಡೆಯ ಗೋವಿನಜೋಳದ ಹೊಲ ಬಹುತೇಕ ಸಪಾಟು, ಗುಂಡು ತಡೆಯಲು ಹಿಂದೆ ಗುಡ್ಡ ಇರುವುದಿಲ್ಲ. .30-06ರ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರ್ ದಾಟಿಯೂ ಹೋದೀತು. ಅಲ್ಲಿ ಯಾರದೋ ಎತ್ತು, ಯಾರದೋ ಮಗು.

ಗುರಿ ಅಭ್ಯಾಸವೇ ಮುಖ್ಯ ಎನ್ನುವುದಾದರೆ .315 ಕೂಡ ಬಿಡಿ, ಲೈಸೆನ್ಸಿಗೆ ಸಣ್ಣ ಗುಂಡಿನ .22 ರೈಫಲ್ ಸೇರಿಸಿಕೊಡಿ ಎಂದು ಅರ್ಜಿ ಹಾಕಿ. ಅಂತೂ ಆರ್ಡರ್ ಕೊಡುವ ಮೊದಲು ಅಂಗಡಿಗೆ ಹೋಗಿ, ನಿಮಗೆ ಬೇಕಾದ ಕಾಡತೂಸು ಇವತ್ತು ಎಷ್ಟಿವೆ, ಹೋದ ವರ್ಷ ಎಷ್ಟು ಬಂದಿದ್ದವು ಎಂದು ಕೇಳಿ. ಅವರು ಚಹಾ ತರಿಸಿ ಮಾತು ಬದಲಿಸಿದರೆ, ಚಹಾ ಕುಡಿದು ಎದ್ದು ಬನ್ನಿ.