ಮಗನಿಗೆ ತಾಳಗುಪ್ಪ ರೈಲಿನ ಟಿಕೆಟ್ ತೆಗೆಸಿ

‘ಮಗನಿಗೆ ಮೊಬೈಲ್ ಹುಚ್ಚು ಹಿಡಿದಿದೆ, ನಿಮ್ಹಾನ್ಸ್‌ಗೆ ಕರೆದೊಯ್ಯಲೇ?’ ಎಂದು ಬೆಂಗಳೂರಿನ ತಾಯಿಯೊಬ್ಬರು ಕೇಳಿದ್ದಾರೆ. ಯಜಮಾನರಿಗೆ ವರ್ಗವಾಗಿ ಜೂನ್‌ನಲ್ಲಿ ಸಾಗರದಿಂದ ಬಂದ ಕುಟುಂಬ. ಹುಡುಗ ಪ್ರಥಮ ಪಿಯುಸಿ. ಕಾಲೇಜಿನಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ, ರಾತ್ರಿ ಒಂದರವರೆಗೂ ಗೇಮ್. ಅಂಕ ಇಳಿದಿದೆ. ಚಿಕ್ಕಪ್ಪನ ಮಾತಿನಂತೆ ಮೊಬೈಲ್ ಕಸಿದು ಬೀರುವಿನಲ್ಲಿಟ್ಟಾಗ ಊಟ ಬಿಟ್ಟು ಮಲಗಿದನಂತೆ.

ಅಂಕಗಳ ಬಗ್ಗೆ ಒಂದು ಪುಟ ಬರೆದ ತಾಯಿ, ನಡುವೆ ಒಂದು ಸಾಲು ತುರುಕಿದ್ದಾರೆ: ‘ಆಡುವುದೂ ಹಳೇ ಊರಿನ ಆ ನಾಲ್ಕು ಹುಡುಗರ ಜೊತೆಗೇ.’

ಅಮ್ಮಾ, ನೀವು ದೂರೆಂದು ಬರೆದ ಆ ಸಾಲನ್ನು ಇನ್ನೊಮ್ಮೆ ಓದಿ. ಹದಿನಾರರ ಹುಡುಗನ ಗೆಳೆಯರು, ಮೈದಾನ, ಸಂಜೆ ಎಲ್ಲವೂ ಒಂದೇ ತಿಂಗಳಲ್ಲಿ ಕೈತಪ್ಪಿವೆ. ಹೊಸ ತರಗತಿಯಲ್ಲಿ ಅವನ ಹೆಸರು ಹಿಡಿದು ಕರೆಯುವವರು ಯಾರಾದರೂ ಇದ್ದಾರೆಯೇ? ಪತ್ರದಲ್ಲಿ ಒಬ್ಬರೂ ಕಾಣಲಿಲ್ಲ. ನೀವು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ಆ ನಾಲ್ವರನ್ನು.

ಚಿಕ್ಕಪ್ಪನವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅಣ್ಣನ ಮನೆಗೆ ಬಂದಾಗಲೆಲ್ಲ ಅಂಕಪಟ್ಟಿ ಕೇಳುವ ಈ ಜಾತಿಯ ಬಂಧುಗಳನ್ನು ಕಾಫಿ ಕೊಟ್ಟು ಬೇಗ ಕಳುಹಿಸಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ.

ಗೇಮಿಂಗ್ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಗೆ ಸೇರಿಸಿರುವುದು ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಉಳಿದ ಬದುಕೆಲ್ಲ ಹಿಂದೆ ಸರಿದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ಆ ಹೆಸರು. ನಿಮ್ಮ ಮಗ ತಪ್ಪದೆ ಕಾಲೇಜಿಗೆ ಹೋಗುತ್ತಿದ್ದಾನೆ. ಬೇಸರ, ಒಂಟಿತನ, ಸೋಲಿನ ಭಯ ಮಕ್ಕಳನ್ನು ಪರದೆಗೆ ಅಂಟಿಸುತ್ತವೆ. ಅದನ್ನು ಕಿತ್ತುಕೊಂಡ ಮಾತ್ರಕ್ಕೆ ಬೇಸರ ಹೋಗುವುದಿಲ್ಲ. ನಿದ್ದೆಗೆಡುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಹನ್ನೊಂದರ ಗಡಿಯನ್ನು ಅವನೊಂದಿಗೆ ಕುಳಿತೇ ಗೊತ್ತುಮಾಡಿ. ಅವನು ಕಾಲೇಜು ಬಿಟ್ಟರೆ, ಮತ್ತೆ ಊಟ ಬಿಟ್ಟರೆ, ಬದುಕೇ ಬೇಡ ಎಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್‌ಗಳ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಈಗ ಮಾಡಬೇಕಾದದ್ದು ಒಂದೇ. ದಸರಾ ರಜೆ ಶುರುವಾದ ದಿನವೇ ಮಗನನ್ನು ತಾಳಗುಪ್ಪದ ರಾತ್ರಿ ರೈಲು ಹತ್ತಿಸಿ, ಸಾಗರದಲ್ಲಿ ಗೆಳೆಯನ ಮನೆಯವರಿಗೆ ಮೊದಲೇ ಫೋನ್ ಮಾಡಿ ಹೇಳಿ. ಮೊಬೈಲ್ ಅವನ ಜೇಬಿನಲ್ಲೇ ಇರಲಿ. ಪುಸ್ತಕದ ಚೀಲ ಕಳುಹಿಸಬೇಡಿ.